ಅಜ್ಜಿಯ ಮಣ್ಣು ಕೋರಮಂಡಲ್

ನಮ್ಮ ಸಮಾಜದಲ್ಲಿ ಹೆಣ್ಣು-ಗಂಡಿನ ಮಾತು ಬಂದಾಗ ಹಿರಿಯರು ಮೊದಲು ವಿಚಾರಿಸುವುದು ಮೂಲವನ್ನು. "ತಮ್ಮ ಮೂಲ ಯಾವ ಕಡೆ? ಯಾವ ಮಠದ ಶಿಷ್ಯರು? ಮನೆದೇವರು ಯಾವುದು?" ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಉದ್ಯೋಗ, ವಿದ್ಯಾಭ್ಯಾಸಗಳ ಪ್ರಸ್ತಾಪ ಬರುವುದು. ನಮ್ಮ ಮನೆತನದವರು ಮೂರು ತಲೆಮಾರುಗಳಿಂದ ಇದಕ್ಕೆ ಕೊಡುತ್ತ ಬಂದಿರುವ ಉತ್ತರ ಒಂದೇ: "ಗುಬ್ಬಿಯ ಸೀಮೆ." ಗುಬ್ಬಿಯ ಸೀಮೆಯಲ್ಲಿ ನಮಗೀಗ ಒಂದು ಗುಂಟೆ ನೆಲವಿಲ್ಲ, ನಮ್ಮದೆನ್ನುವ ಗೋಡೆಯೊಂದು ಉಳಿದಿಲ್ಲ. ಚನ್ನಬಸವೇಶ್ವರ ಸ್ವಾಮಿಯ ಜಾತ್ರೆಗೆ ಹೋಗಿಬರುವುದಷ್ಟೇ ಉಳಿದಿರುವ ನಂಟು. ಆದರೂ ಅದೇ ನಮ್ಮ ಮೂಲ. ನಮ್ಮ ತಾತ ಇಪ್ಪತ್ತೆಂಟು ವರ್ಷ ಕಾಯಕ ಮಾಡಿದ, ನಮ್ಮ ತಂದೆ ಮತ್ತು ಅವರ ಅಕ್ಕಂದಿರು ಹುಟ್ಟಿ ಬೆಳೆದ, ನಮ್ಮ ಅಜ್ಜಿ ಲಿಂಗೈಕ್ಯರಾದ ಊರಿನ ಹೆಸರನ್ನು ಮಾತ್ರ ಇಂತಹ ಮಾತುಕತೆಗಳಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆ ಊರು ಕೋಲಾರದ ಚಿನ್ನದ ಗಣಿ ಪ್ರದೇಶದ ಕೋರಮಂಡಲ್.

ಪೂರ್ವಿಕರ ನಾಡು ಎಂದರೆ ಯಾವುದು? ಹೊಲದ ಪಹಣಿ ಇದ್ದ ಊರೋ, ಅಥವಾ ಅವರ ಬೆವರು ಬಿದ್ದು ಕಡೆಗೆ ಅವರ ದೇಹವನ್ನೂ ಒಳಗೆ ತೆಗೆದುಕೊಂಡ ಊರೋ? ಕಾಯಕವನ್ನೇ ಹಿರಿದೆಂದ ಶರಣರ ಪರಂಪರೆಯವರಾದ ನಾವು ಈ ಪ್ರಶ್ನೆಗೆ ಉತ್ತರ ಹೇಳಲು ತಡವರಿಸಬಾರದಾಗಿತ್ತು. ಆದರೆ ರೂಢಿಯೆಂಬುದು ತತ್ತ್ವಕ್ಕಿಂತ ಬಲವಾದುದು. ನಮ್ಮ ದೊಡ್ಡ ಸೋದರತ್ತೆಯವರು ಹಟ ಹಿಡಿಯದಿದ್ದರೆ ನಾವು ಆ ಕಡೆ ತಲೆ ಹಾಕುತ್ತಿದ್ದೆವೋ ಇಲ್ಲವೋ ಹೇಳಲಾರೆ.

ಅತ್ತೆಯವರಿಗೆ ಈಗ ಎಂಬತ್ತೈದು ದಾಟಿದೆ. ಕಣ್ಣು ಮಂದವಾಗಿದ್ದರೂ ನೆನಪು ಚುರುಕು. "ಅವ್ವನ್ನ ಮಣ್ಣು ಮಾಡಿದ ಜಾಗ ಒಂದ್ಸಲ ನೋಡ್ಬೇಕು ಕಣಪ್ಪ. ನಿಮ್ಮಪ್ಪನ್ನ ಕೇಳಿ ಕೇಳಿ ಸಾಕಾಯ್ತು. ಅವನು ಹೊರಟ, ನೀನಾದ್ರೂ ಕರ್ಕೊಂಡು ಹೋಗು" ಎಂದು ಅವರು ಕಳೆದ ಶ್ರಾವಣದಲ್ಲಿ ಹೇಳಿದ ಮೇಲೆ ಮುಂದೂಡುವಂತಿರಲಿಲ್ಲ. ಅತ್ತೆಯವರು, ನಾನು, ನನ್ನ ಶ್ರೀಮತಿ, ಕಾರು ನಡೆಸಲು ನನ್ನ ಮಗ, ಕಾಲೇಜು ಓದುತ್ತಿರುವ ನನ್ನ ತಂಗಿಯ ಮಗಳು, ಹೀಗೆ ಐವರು ಒಂದು ಭಾನುವಾರ ಬೆಳಗಿನ ಲಿಂಗಪೂಜೆ ಮುಗಿಸಿ ಬೆಂಗಳೂರಿನಿಂದ ಹೊರಟೆವು. ಅತ್ತೆಯವರು ಕೈಚೀಲದಲ್ಲಿ ಒಂದು ಹಿಡಿ ಬಿಲ್ವಪತ್ರೆ, ಒಂದು ಗಟ್ಟಿ ವಿಭೂತಿ, ಬಾಳೆಹಣ್ಣು ಇಟ್ಟುಕೊಂಡಿದ್ದರು.

ಹುಡುಗರಿಗೆ ಈ ಪ್ರಯಾಣದ ಉತ್ಸಾಹ ಬೇರೆಯೇ ಆಗಿತ್ತು. 2018ರಲ್ಲಿ ಮತ್ತು 2022ರಲ್ಲಿ ತೆರೆಕಂಡ ಎರಡು ಚಲನಚಿತ್ರಗಳಿಂದಾಗಿ ಇಂದಿನ ತರುಣರಿಗೆ ಕೆ.ಜಿ.ಎಫ್. ಎಂದರೆ ಬಂದೂಕು, ಹೊಗೆ, ಕಪ್ಪು ಧೂಳು. "ಅಲ್ಲಿ ಹಂಗೆಲ್ಲ ಏನೂ ಇರಲಿಲ್ಲ. ಬೆಳಗಾದ್ರೆ ಸೈರನ್, ಸಂಜೆಯಾದ್ರೆ ಸೈರನ್, ನಡುವೆ ರಾಗಿ ಬೀಸೋದು" ಎಂದು ಅತ್ತೆಯವರು ಒಂದೇ ಮಾತಿನಲ್ಲಿ ಆ ಚಿತ್ರಗಳ ವಿಮರ್ಶೆ ಮುಗಿಸಿದರು.

ಹಿರಿಯರು ಬಂದ ಹಾದಿ

ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಈಗ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಆಗಿದೆ. ಅದರಲ್ಲಿ ಹೋದರೆ ಬೇಗ ತಲುಪಬಹುದಿತ್ತು. ಆದರೆ ನಮಗೆ ಹಳೆಯ ಮದರಾಸು ರಸ್ತೆಯೇ ಹಿತವೆನಿಸಿತು. ಹೊಸಕೋಟೆ, ನರಸಾಪುರ ದಾಟಿ ಕೋಲಾರದ ಹತ್ತಿರ ಬಂದಾಗ ಕೆರೆಗಳಲ್ಲಿ ನೀರು ಕಂಡು ಅತ್ತೆಯವರಿಗೆ ಆಶ್ಚರ್ಯ. ಅವರ ನೆನಪಿನ ಕೋಲಾರ ಒಣನಾಡು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಈ ಕೆರೆಗಳಿಗೆ ಹರಿಸುತ್ತಿದ್ದಾರೆಂದು ತಿಳಿಸಿದಾಗ, "ಆಗ ಇಲ್ಲಿಯ ಚಿನ್ನ ಹೊರಗೆ ಹೋಯ್ತು, ಈಗ ನಿಮ್ಮ ಬಚ್ಚಲು ನೀರು ಇಲ್ಲಿಗೆ ಬಂತು" ಎಂದು ನಕ್ಕರು. ಕೋಲಾರದಲ್ಲಿ ಸೋಮೇಶ್ವರ, ಕೋಲಾರಮ್ಮ, ಅಂತರಗಂಗೆ ಇವೆಲ್ಲವೂ ನೋಡತಕ್ಕ ಸ್ಥಳಗಳೇ. ಅವುಗಳ ವಿಚಾರವನ್ನು ಬರೆದವರು ಬಹಳ ಮಂದಿ ಇರುವುದರಿಂದ ನಾನು ಮುಂದೆ ಸಾಗುತ್ತೇನೆ.

ಬಂಗಾರಪೇಟೆಯ ಹೆಸರು ಕೇಳಿದವರೆಲ್ಲ ಅದು ಬಂಗಾರದಿಂದ ಬಂದ ಹೆಸರೆಂದೇ ತಿಳಿಯುತ್ತಾರೆ. ಹಾಗಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಎಂಬಾತನ ಹೆಸರಿನಲ್ಲಿ ಇದು ಬೌರಿಂಗ್‌ಪೇಟೆ ಆಗಿತ್ತು. ಪರದೇಶಿ ದೊರೆಯ ಹೆಸರು ಜನರ ಬಾಯಲ್ಲಿ ಬಂಗಾರವಾದದ್ದು ಪಕ್ಕದ ಗಣಿಗಳ ಪ್ರಭಾವವಿರಬಹುದು. ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ರೈಲು ಓಡತೊಡಗಿದ್ದು 1864ರಲ್ಲಿ. ಬಂಗಾರಪೇಟೆಯಿಂದ ಗಣಿಗಳ ಕಡೆಗೆ ಮಾರಿಕುಪ್ಪಮ್‌ವರೆಗಿನ ಕವಲು ಹಳಿ ಬಂದದ್ದು 1894ರಲ್ಲಿ. ನಮ್ಮ ತಾತ 1935ರಲ್ಲಿ ಗುಬ್ಬಿಯಿಂದ ರೈಲು ಹತ್ತಿ, ಬೆಂಗಳೂರಿನಲ್ಲಿ ಗಾಡಿ ಬದಲಾಯಿಸಿ, ಬಂಗಾರಪೇಟೆಯಲ್ಲಿ ಮತ್ತೊಮ್ಮೆ ಬದಲಾಯಿಸಿ ಈ ಕವಲಿನಲ್ಲಿ ಬಂದಿಳಿದರಂತೆ. ಅಣ್ಣತಮ್ಮಂದಿರ ಪಾಲಿನಲ್ಲಿ ಅವರಿಗೆ ಬಂದದ್ದು ಒಂದು ತಕ್ಕಡಿ, ಒಂದು ಜೊತೆ ಸೇರು-ಪಾವು. ತಕ್ಕಡಿ ಹಿಡಿದವನಿಗೆ ಜನ ಇರುವ ಕಡೆಯೇ ಊರು.

ಜನಕ್ಕೇನೂ ಇಲ್ಲಿ ಕೊರತೆಯಿರಲಿಲ್ಲ. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿ ಗಡಿ ಅಳತೆಗೆ ಬಂದಾಗ ಊರಿಗಾಂ, ಮಾರಿಕುಪ್ಪಂ ಹಳ್ಳಿಗಳ ಜನ ಮಣ್ಣು ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. 1871ರಲ್ಲಿ ಮೈಕೇಲ್ ಲ್ಯಾವೆಲ್ ಎಂಬ ಐರಿಷ್ ಯೋಧ ಆ ವರದಿಯನ್ನು ಓದಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆ ಗಣಿಗಳ ಆಡಳಿತವನ್ನು ವಹಿಸಿಕೊಂಡ ಮೇಲೆ ಬರಡು ಬಯಲು ಪಟ್ಟಣವಾಯಿತು. ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು 1902ರಲ್ಲಿ ಇಲ್ಲಿಗೆ ವಿದ್ಯುತ್ತು ತಂದರು. ಬೆಂಗಳೂರಿಗೆ ದೀಪ ಬಂದದ್ದು ಅದಕ್ಕೆ ಮೂರು ವರ್ಷಗಳ ನಂತರ. ಉತ್ತರ ಆರ್ಕಾಟು, ಸೇಲಂ ಕಡೆಯ ತಮಿಳರು, ಚಿತ್ತೂರು ಕಡೆಯ ತೆಲುಗರು, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು, ಆಂಗ್ಲೋ-ಇಂಡಿಯನ್ನರು ಇಲ್ಲಿ ನೆಲೆಸಿದರು. ಕನ್ನಡ ನಾಡಿನ ನಡುವೆಯೇ ಕನ್ನಡಿಗರು ಅಲ್ಪಸಂಖ್ಯಾತರು. ಅವರಲ್ಲಿ ನಮ್ಮ ಸಮಾಜದವರಂತೂ ಬೆರಳೆಣಿಕೆ. ಕೋಲಾರ ಜಿಲ್ಲೆಯಲ್ಲೇ ನಮ್ಮವರ ಸಂಖ್ಯೆ ಕಡಿಮೆಯೆಂಬುದು ಓದುಗ ಬಂಧುಗಳಿಗೆ ತಿಳಿದ ವಿಷಯ.

ಕೋರಮಂಡಲ್ ಎಂಬ ಹೆಸರಿನ ಬಗ್ಗೆ ಒಂದು ಮಾತು. ಇದು ಇಲ್ಲಿಯ ಹಳ್ಳಿಯೊಂದರ ಹೆಸರಲ್ಲ, ಗಣಿಯ ಹೆಸರು. ಪೂರ್ವ ಕರಾವಳಿಯ ಚೋಳಮಂಡಲವೇ ಪರದೇಶಿಯರ ಬಾಯಲ್ಲಿ ಕೋರಮಂಡಲ ಆದದ್ದು. ಸ್ವಾರಸ್ಯವೇನೆಂದರೆ ಹನ್ನೊಂದನೆಯ ಶತಮಾನದಲ್ಲಿ ಚೋಳರು ಈ ಕೋಲಾರದ ಸೀಮೆಯನ್ನು ಆಳುತ್ತಿದ್ದಾಗ ಇದನ್ನು ನಿಗರಿಲಿ ಚೋಳಮಂಡಲವೆಂದೇ ಕರೆಯುತ್ತಿದ್ದರು. ಗಣಿಗೆ ಹೆಸರಿಟ್ಟವನಿಗೆ ಇದರ ಅರಿವಿದ್ದಿರಲಾರದು. ಕಡಲತೀರಕ್ಕೆ ಹೋದ ಹೆಸರು ಎಂಟು ನೂರು ವರ್ಷ ಸುತ್ತಿ ಮನೆಗೆ ಮರಳಿದಂತಾಯಿತು.

ಲೈನ್ ಮನೆಗಳ ನಡುವೆ

ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಬೂದು ಬಣ್ಣದ ದಿಬ್ಬಗಳು ಕಾಣಿಸುತ್ತವೆ. ಹೊಸಬರು ಅವನ್ನು ಬೆಟ್ಟವೆಂದು ತಿಳಿಯುತ್ತಾರೆ. ಅವು ಸೈನೈಡ್ ದಿಬ್ಬಗಳು. ಭೂಮಿಯೊಳಗಿನ ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್‌ನಿಂದ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಮಣ್ಣು. ಇಂತಹವು ಹದಿಮೂರಿದ್ದು, 3 ಕೋಟಿ 30 ಲಕ್ಷ ಟನ್ನಿನಷ್ಟು ಮಣ್ಣು ಅಲ್ಲಿ ಬಿದ್ದಿದೆ. ಒಂದು ಟನ್ನು ಕಲ್ಲಿನಲ್ಲಿ ದೊರೆಯುತ್ತಿದ್ದದ್ದು ಕೊನೆಕೊನೆಗೆ ಮೂರು ಗ್ರಾಂ ಚಿನ್ನವೂ ಕಷ್ಟವೆಂದರೆ, ಒಂದು ತಾಳಿಯ ಹಿಂದೆ ಎಷ್ಟು ಮಣ್ಣಿದೆಯೆಂದು ತಾಯಂದಿರು ಊಹಿಸಿಕೊಳ್ಳಬಹುದು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಎಂಟು ನೂರು ಟನ್ನಿಗೂ ಮಿಕ್ಕಿ ಚಿನ್ನ ಹೋಗಿದೆ. ಈ ದಿಬ್ಬಗಳಲ್ಲಿ ಉಳಿದಿರುವುದನ್ನೂ ತೆಗೆಯುವ ಕೇಂದ್ರದ ಯೋಜನೆಗೆ 2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ನೀಡಿತು. ಗಾಳಿ ಎದ್ದರೆ ಈ ಬೂದು ಧೂಳು ಊರ ಮೇಲೆ ಬರುತ್ತದೆ. ಅತ್ತೆಯವರ ಬಾಲ್ಯದಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಂಗಡಿಯ ರಾಗಿಚೀಲಗಳ ಮೇಲೆ ಗೋಣಿತಾಟು ಹೊದಿಸುವ ಕೆಲಸ ಮಕ್ಕಳದಾಗಿತ್ತಂತೆ.

ಕೋರಮಂಡಲ್ ಇಂದು ಸಣ್ಣ ರೈಲು ನಿಲ್ದಾಣ, ಹಳೆಯ ಲೈನ್ ಮನೆಗಳು, ಅಲ್ಲಲ್ಲಿ ಹೊಸ ಮಹಡಿ ಮನೆಗಳು, ಲಂಟಾನ ಬೆಳೆದ ಖಾಲಿ ಜಾಗಗಳ ಊರು. ಲೈನ್ ಎಂದರೆ ಗಣಿ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳು. ಮೊದಮೊದಲು ಅವು ಬಿದಿರು ತಟ್ಟಿಯವು. ಅಂತಹ ಒಂದು ಕೋಣೆಯಲ್ಲಿ ಎಂಟು ಹತ್ತು ಜನ ಇದ್ದು, ಪಾಳಿಯ ಪ್ರಕಾರ ಮಲಗೇಳುತ್ತಿದ್ದರು. ತಾತನ ಅಂಗಡಿ ಲೈನಿನ ತುದಿಗಿತ್ತು. ಮುಂದೆ ಅಂಗಡಿ, ಹಿಂದೆ ಒಂದೂವರೆ ಕೋಣೆಯ ಮನೆ. ರಾಗಿ, ಅಕ್ಕಿ, ಬೇಳೆ, ಬೆಲ್ಲ, ಸೀಮೆಎಣ್ಣೆ. ವ್ಯಾಪಾರವೆಲ್ಲ ಕಡ. ಸಂಬಳದ ದಿನ ಬಂದು ಲೆಕ್ಕ ಚುಕ್ತಾ. ಮುಷ್ಕರವಾದರೆ, ಪೆಟ್ಟಾಗಿ ಮನೆ ಹಿಡಿದರೆ, ಲೆಕ್ಕದ ಪುಸ್ತಕದಲ್ಲಿ ಗೆರೆ ಮುಂದುವರಿಯುತ್ತಿತ್ತು. ಬೇಕೆಂದೇ ಕಡ ಮುಳುಗಿಸಿದವರು ಕಡಿಮೆ ಎಂದು ತಾತ ಹೇಳುತ್ತಿದ್ದರಂತೆ. ಸತ್ತು ಮುಳುಗಿಸಿದವರು ಹೆಚ್ಚು.

ಈ ಮಾತಿನಲ್ಲಿ ಅತಿಶಯವಿಲ್ಲ. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ತನ್ನ ಭಾರಕ್ಕೆ ತಾನೇ ಸಿಡಿಯುತ್ತದೆ. ಅದನ್ನು ಅಲ್ಲಿಯವರು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಮೇಲೆ ಮನೆಗಳಲ್ಲಿ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಹೆಂಗಸರು ಕೈಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಇದರ ಜೊತೆಗೆ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್. ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿ ದಾಖಲಿಸಿದ್ದೇ ಇಲ್ಲಿ, 1934ರಲ್ಲಿ. ನಲವತ್ತು ವರ್ಷಕ್ಕೆ ಕೆಮ್ಮುತ್ತ ಕೂತವರು ತಾತನ ಅಂಗಡಿಯ ಜಗಲಿಯಲ್ಲಿ ಯಾವಾಗಲೂ ಇಬ್ಬರು ಮೂವರು ಇರುತ್ತಿದ್ದರೆಂದು ಅತ್ತೆಯವರು ನೆನೆದರು.

ಅಂಗಡಿ ಇದ್ದ ಜಾಗ ಸಿಗುವುದು ಕಷ್ಟವಾಗಲಿಲ್ಲ. ಲೈನಿನ ಕೊನೆಯಲ್ಲಿ ಹಿರಿಯರೊಬ್ಬರು ಬೆಳಗಿನ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ವಯಸ್ಸು ಎಂಬತ್ತರ ಸುಮಾರು. ಗಣಿಯಲ್ಲಿ ದುಡಿದು ನಿವೃತ್ತರಾದವರು, ಮನೆಮಾತು ತಮಿಳು. ಅತ್ತೆಯವರು ಕಾರಿನಿಂದ ಇಳಿದು ಹಳೆಯ ರೂಢಿಯ ತಮಿಳಿನಲ್ಲಿ ಮಾತು ತೆಗೆದಾಗ ನಾವೆಲ್ಲ ಬೆರಗಾದೆವು. ಅರವತ್ತು ವರ್ಷ ಅವರ ಬಾಯಲ್ಲಿ ಒಂದು ತಮಿಳು ಪದವನ್ನೂ ನಾವು ಕೇಳಿದವರಲ್ಲ. ಆ ಹಿರಿಯರು ಅತ್ತೆಯವರ ಹಣೆಯ ವಿಭೂತಿಯನ್ನು ನೋಡಿ, ಕನ್ನಡದಲ್ಲಿಯೇ ಕೇಳಿದರು: "ಅಮ್ಮಾ, ನೀವು ತಿರುನೀರು ಚೆಟ್ಟಿಯಾರ್ ಮನೆಯವರಾ?"

ತಿರುನೀರು ಎಂದರೆ ತಮಿಳಿನಲ್ಲಿ ವಿಭೂತಿ. ಮೂರು ಬೆರಳು ವಿಭೂತಿ ಧರಿಸಿ ತಕ್ಕಡಿ ಹಿಡಿಯುತ್ತಿದ್ದ ತಾತನಿಗೆ ಲೈನಿನವರು ಇಟ್ಟ ಹೆಸರು ಅದು. ಗುಬ್ಬಿಯ ಸೀಮೆಯಲ್ಲಿ ತಾತನ ಹೆಸರು ಹೇಳಿದರೆ ಗುರುತಿಸುವವರು ಇಂದು ಒಬ್ಬರೂ ಇಲ್ಲ. ಇಲ್ಲಿ, ಬಿಟ್ಟುಹೋಗಿ ಅರವತ್ತು ವರ್ಷಗಳಾದ ಮೇಲೆ, ಒಬ್ಬರಿದ್ದರು. ಚಿಕ್ಕ ಹುಡುಗನಾಗಿದ್ದಾಗ ಅರ್ಧ ಸೇರು ಅಕ್ಕಿಗೆ ಬಂದರೆ ತಾತ ಒಂದು ಚೂರು ಬೆಲ್ಲ ಕೈಗೆ ಹಾಕುತ್ತಿದ್ದರೆಂದು ಅವರು ಹೇಳಿದರು.

ರುದ್ರಭೂಮಿಯಲ್ಲಿ

ಅಜ್ಜಿ ಲಿಂಗೈಕ್ಯರಾದದ್ದು 1951ರಲ್ಲಿ, ಹೆರಿಗೆಯ ನಂತರದ ಜ್ವರದಿಂದ. ಅತ್ತೆಯವರಿಗೆ ಆಗ ಹನ್ನೊಂದು ವರ್ಷ, ನಮ್ಮ ತಂದೆಗೆ ಆರು. ಮನೆಯಲ್ಲಿ ಇಷ್ಟು ಮಾತ್ರ ಹೇಳುತ್ತಿದ್ದರು. ಮುಂದಿನದನ್ನು ಅತ್ತೆಯವರು ಮೊದಲ ಬಾರಿಗೆ ಹೇಳಿದ್ದು ಆ ದಿನ, ಆ ಹಿರಿಯರ ಜೊತೆ ರುದ್ರಭೂಮಿಯ ಕಡೆಗೆ ನಡೆದು ಹೋಗುವಾಗ.

ನಮ್ಮಲ್ಲಿ ದೇಹವನ್ನು ಸುಡುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಪಾದದ ಅಳತೆಯಲ್ಲಿ ಗುಣಿ ತೋಡಿ, ಅದರ ಒಂದು ಬದಿಗೆ ಮುಮ್ಮೂಲೆಯ ಗೂಡು ಕೊರೆದು, ಲಿಂಗೈಕ್ಯರಾದವರನ್ನು ಕುಳ್ಳಿರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆಗಳಿಂದ ಮುಚ್ಚುವುದು ಕ್ರಮ. ಹಳ್ಳಿಯಾದರೆ ಇದನ್ನು ಬಲ್ಲವರು ಹತ್ತು ಜನ ಸೇರುತ್ತಾರೆ. ಕೋರಮಂಡಲ್‌ನಲ್ಲಿ ಯಾರಿದ್ದರು? ಕೋಲಾರದಿಂದ ಒಬ್ಬ ಅಯ್ಯನವರು ಬಸ್ಸಿನಲ್ಲಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನೆಲವೋ ಕಲ್ಲು. ತಾತ ಮತ್ತು ಅಂಗಡಿಯ ಆಳು ಹಾರೆ ಹಿಡಿದು ಎರಡು ಗಂಟೆ ಹೊಡೆದರೂ ಮೊಣಕಾಲು ಆಳವಾಗಲಿಲ್ಲ. ಆಗ ಬೆಳಗಿನ ಪಾಳಿ ಮುಗಿಸಿ ಶಾಫ್ಟಿನಿಂದ ಮೇಲೆ ಬಂದ ಲೈನಿನ ಗಂಡಸರು ಸುದ್ದಿ ಕೇಳಿ ಮನೆಗೂ ಹೋಗದೆ ನೇರವಾಗಿ ಬಂದರು. ಅಯ್ಯನವರಿಂದ ಅಳತೆ ಕೇಳಿಕೊಂಡರು. ಭೂಮಿಯೊಳಗೆ ಕೋಣೆ ಕೊರೆಯುವುದರಲ್ಲಿ ಅವರನ್ನು ಮೀರಿಸುವವರು ಈ ದೇಶದಲ್ಲಿ ಯಾರಿದ್ದರು? ಕತ್ತಲಾಗುವ ಮುನ್ನ ಗುಣಿ, ಗೂಡು ಎರಡೂ ಸಿದ್ಧವಾದವು. ಗೋಡೆಗಳು ಉಳಿಯಲ್ಲಿ ಕೆತ್ತಿದ ಹಾಗೆ ನೇರವಾಗಿದ್ದವಂತೆ.

"ಅಪ್ಪಾಜಿ ದುಡ್ಡು ಕೊಡೋಕೆ ಹೋದ್ರು. ಒಬ್ಬರೂ ಮುಟ್ಟಲಿಲ್ಲ" ಎಂದು ಹೇಳಿ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಾದರು. ಅನಂತರ ಅವರು ಹೇಳಿದ್ದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯುವುದೇ ಸರಿಯೆಂದು ತೋರಿತು. ಅದುವರೆಗೆ ತಾತನ ಅಂಗಡಿಯ ಮುಂದೆ ಲೈನಿನವರು ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಸುರಿಯುವ ರೂಢಿಯಿತ್ತು. ಅವರಲ್ಲಿ ಬಹುಪಾಲು ಮಂದಿ ಹೊಲೆ ಮಾದಿಗರೆಂದು ಊರು ಕರೆಯುತ್ತಿದ್ದ ಜಾತಿಗಳವರು. ತಾತ ಕ್ರೂರಿಗಳಲ್ಲ, ಕಾಲದ ರೂಢಿಯಂತೆ ನಡೆದವರು. ಕೊರಳಲ್ಲಿ ಲಿಂಗ, ಬಾಯಲ್ಲಿ ವಚನ, ಕೈಯಲ್ಲಿ ಎತ್ತಿ ಸುರಿಯುವ ಚೊಂಬು. ಇಂತಹ ಮನೆಗಳು ನಮ್ಮಲ್ಲಿ ಎಷ್ಟಿದ್ದವೆಂಬುದನ್ನು ಹಿರಿಯ ಓದುಗರು ಬಲ್ಲರು. ಅಜ್ಜಿಯ ಕ್ರಿಯಾವಿಧಿಗಳು ಮುಗಿದು ಅಂಗಡಿ ತೆರೆದ ಮೊದಲ ದಿನ, ಯಾರೋ ನೀರು ಕೇಳಿದಾಗ, ತಾತ ಚೊಂಬನ್ನು ಅವರ ಕೈಗೇ ಕೊಟ್ಟರು. ಏನೂ ಹೇಳಲಿಲ್ಲ. ಅಲ್ಲಿಂದ ಮುಂದೆ ಅದೇ ನಡೆಯಿತು.

ಗುಬ್ಬಿಯ ಕಡೆಯ ನೆಂಟರಿಗೆ ಈ ಸುದ್ದಿ ತಲುಪಲು ತಡವಾಗಲಿಲ್ಲ. "ಕಂಡಕಂಡವರ ಕೈಯಲ್ಲಿ ಗುಣಿ ತೆಗೆಸಿದರಂತೆ, ಮನೆಯೊಳಗೆ ಚೊಂಬು ಒಂದೇ ಆಯಿತಂತೆ" ಎಂಬ ಮಾತು ಹರಡಿತು. ಎರಡು ವರ್ಷ ಯಾರೂ ಇವರ ಮನೆಯಲ್ಲಿ ಊಟ ಮಾಡಲಿಲ್ಲ. ದೊಡ್ಡ ಅತ್ತೆಯವರಿಗೆ ಬಂದ ಮೊದಲ ಸಂಬಂಧ ಅದೇ ಕಾರಣಕ್ಕೆ ತಪ್ಪಿಹೋಯಿತು. ನಮ್ಮ ಮನೆಯಲ್ಲಿ ಕೋರಮಂಡಲ್ ಎಂಬ ಹೆಸರು ಬಾಯಿಗೆ ಬಾರದಿದ್ದುದಕ್ಕೆ ಕಾರಣ ನನಗೆ ಆಗ ತಿಳಿಯಿತು. ಮಕ್ಕಳ ಮದುವೆಗೆ ತೊಡಕಾಗದಿರಲೆಂದು ಊರನ್ನೇ ಮುಚ್ಚಿಟ್ಟಿದ್ದರು. ತಾತ 1963ರಲ್ಲಿ ಅಂಗಡಿ ಮಾರಿ ಬೆಂಗಳೂರಿಗೆ ಬಂದರು. ನಮ್ಮ ತಂದೆಯವರನ್ನು ಅದಕ್ಕೂ ಮೊದಲೇ ಸಿದ್ಧಗಂಗೆಯ ಮಠಕ್ಕೆ ಓದಲು ಕಳುಹಿಸಿದ್ದರು. ಜಾತಿಮತ ಕೇಳದೆ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿ ಅನ್ನವಿಕ್ಕಿದ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳ ನೆರಳಿನಲ್ಲಿ ಮಗ ಬೆಳೆಯಲೆಂದು ತಾತ ಬಯಸಿದ್ದು ಬಡತನದ ಕಾರಣಕ್ಕೆ ಮಾತ್ರವೆಂದು ನಾವು ತಿಳಿದಿದ್ದೆವು.

ರುದ್ರಭೂಮಿ ಊರಾಚೆಯ ಇಳಿಜಾರಿನಲ್ಲಿದೆ. ಅರ್ಧಕ್ಕರ್ಧ ಲಂಟಾನ, ಜಾಲಿ. ಶಿಲುಬೆಯ ಗೋರಿಗಳು ಒಂದು ಕಡೆ, ತುಳಸಿಕಟ್ಟೆಯಂತಹ ಸಣ್ಣ ಕಟ್ಟೆಗಳು ಒಂದು ಕಡೆ, ಏನೂ ಗುರುತಿಲ್ಲದ ಮಣ್ಣಿನ ಉಬ್ಬುಗಳು ಎಲ್ಲ ಕಡೆ. ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರ ಮರಿಮಕ್ಕಳು ಕೆ.ಜಿ.ಎಫ್.ನ ಯುರೋಪಿಯನ್ನರ ಸ್ಮಶಾನಕ್ಕೆ ಈಗಲೂ ಹುಡುಕಿಕೊಂಡು ಬರುತ್ತಾರಂತೆ. ಅವರಿಗೆ ಕಲ್ಲಿನ ಮೇಲೆ ಕೊರೆದ ಹೆಸರುಗಳಿವೆ. ನಮಗಿದ್ದದ್ದು ಹನ್ನೊಂದು ವರ್ಷದ ಹುಡುಗಿಯೊಬ್ಬಳ ನೆನಪು: ಒಂದು ಹೊಂಗೆಮರ, ಅದರಿಂದ ರೈಲು ಹಳಿಯ ಕಡೆಗೆ ಹತ್ತು ಹೆಜ್ಜೆ.

ಹೊಂಗೆಮರಗಳು ಮೂರಿದ್ದವು. ಮೂರೂ ಹಳೆಯವೇ. ಅತ್ತೆಯವರು ಕೋಲೂರಿ ಒಂದೊಂದರ ಬುಡದಲ್ಲೂ ನಿಂತು ಹಳಿಯ ಕಡೆಗೆ ನೋಡಿದರು. ಅಂದಿನ ಹೆಜ್ಜೆ ಹುಡುಗಿಯ ಹೆಜ್ಜೆಯೋ ತಾತನ ಹೆಜ್ಜೆಯೋ ಎಂಬುದು ಅವರಿಗೂ ಖಚಿತವಿರಲಿಲ್ಲ. ಆ ತಮಿಳು ಹಿರಿಯರನ್ನು ನಾನು ಕೇಳಿದೆ, ತಮ್ಮ ತಂದೆಯವರು ಆ ದಿನ ಗುಣಿ ತೋಡಿದವರಲ್ಲಿ ಇದ್ದರೇ ಎಂದು. "ಇದ್ರೋ ಇಲ್ವೋ ಗೊತ್ತಿಲ್ಲ ಸಾರ್. ಆಗೆಲ್ಲ ಯಾರ ಮನೇಲಿ ಸಾವಾದ್ರೂ ಶಿಫ್ಟ್ ಮುಗಿದವರು ಹೋಗೋದೇ. ಅದನ್ನ ಯಾರು ಮನೇಲಿ ಹೇಳ್ತಾರೆ?" ಎಂದರು.

ಅರ್ಧ ಗಂಟೆಯ ನಂತರ ಅತ್ತೆಯವರು ಹುಡುಕುವುದನ್ನು ನಿಲ್ಲಿಸಿದರು. ಮೂರು ಮರಗಳ ನಡುವಿನ ಬಯಲಿನಲ್ಲಿ ಒಂದು ಕಡೆ ಕುಳಿತು, ವಿಭೂತಿಯ ಗಟ್ಟಿಯನ್ನು ಪುಡಿ ಮಾಡಿ ಮಣ್ಣಿನ ಮೇಲೆ ಮೂರು ಗೆರೆ ಎಳೆದು, ಬಿಲ್ವಪತ್ರೆಯಿಟ್ಟು, ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು. ನಾವೆಲ್ಲ ಸುತ್ತ ನಿಂತೆವು. ಆ ಹಿರಿಯರು ಚಪ್ಪಲಿ ಬಿಟ್ಟು ನಿಂತಿದ್ದರು.

ನನ್ನ ಮಗನಿಗೆ ಬಹಳ ಮನಸ್ಸು ಕರಗಿತ್ತು. "ಅಜ್ಜಿ, ಇಲ್ಲೇ ಒಂದು ಕಲ್ಲು ನಿಲ್ಲಿಸೋಣ. ಮುತ್ತಜ್ಜಿ ಹೆಸರು, ಇಸವಿ ಎಲ್ಲ ಕೆತ್ತಿಸಿ, ಸುತ್ತ ಒಂದು ಕಟ್ಟೆ ಕಟ್ಟಿಸೋಣ. ಖರ್ಚು ನಾನು ನೋಡ್ಕೋತೀನಿ" ಎಂದ. ಅತ್ತೆಯವರು ಒಪ್ಪಲಿಲ್ಲ. "ಕಲ್ಲು ನಿಲ್ಲಿಸಿದ್ರೆ ಅದನ್ನ ನೋಡ್ಕೊಳ್ಳೋರು ಯಾರು? ನೀನು ಬರ್ತೀಯಾ ವರ್ಷ ವರ್ಷ? ಆಮೇಲೆ ಜಾಗ ಇದೇ ಅಂತ ಯಾರು ಹೇಳಿದ್ರು? ಬೇರೆಯವರ ಮೇಲೆ ನಮ್ಮವ್ವನ ಹೆಸರು ಹಾಕಿದ ಹಾಗಾಗುತ್ತೆ."

ಈ ವಿಷಯದಲ್ಲಿ ನಮ್ಮ ಕುಟುಂಬದಲ್ಲಿ ಇನ್ನೂ ಒಮ್ಮತವಿಲ್ಲ. ಸ್ಥಾವರವನ್ನು ನೆಚ್ಚದಿರುವುದು ಶರಣರು ತೋರಿದ ದಾರಿ, ಸಾಮಾನ್ಯರ ಸಮಾಧಿಗಳನ್ನು ಪೂಜಿಸುತ್ತ ಕೂರುವುದು ನಮ್ಮ ಪದ್ಧತಿಯಲ್ಲವೆಂಬುದು ನಿಜ. ಆದರೆ ಹೆಸರು ಬರೆಯದಿದ್ದರೆ ಇನ್ನೊಂದು ತಲೆಮಾರಿಗೆ ಮತ್ತೆ ಕೋರಮಂಡಲ್ ಮುಚ್ಚಿಹೋಗುತ್ತದೆಂದು ಮಗ ಹೇಳುವುದರಲ್ಲಿಯೂ ಸತ್ಯವಿದೆ. ನನಗೆ ಅತ್ತೆಯವರ ಮಾತೇ ಸರಿಯೆನಿಸುತ್ತದೆ, ಅದೂ ಅವರು ಹೇಳಿದ ಎರಡನೆಯ ಕಾರಣಕ್ಕಾಗಿ. ಆ ಬಯಲಿನಲ್ಲಿ ಮಲಗಿರುವವರಲ್ಲಿ ಬಹಳ ಮಂದಿಗೆ ಕಲ್ಲಿಲ್ಲ. ನಮ್ಮ ಅಜ್ಜಿಗಾಗಿ ಗುಣಿ ತೋಡಿದ ಕೈಗಳೂ ಅಲ್ಲಿಯೇ ಎಲ್ಲೋ ಇವೆ.

ಮಧ್ಯಾಹ್ನ ಆ ಹಿರಿಯರ ಮನೆಯಲ್ಲಿ ಊಟ. ಅವರ ಸೊಸೆ ನಾವು ಸಸ್ಯಾಹಾರಿಗಳೆಂದು ಬೇರೆ ಪಾತ್ರೆ ತೊಳೆದು ಅನ್ನ, ರಸ, ಹುರುಳಿಕಾಯಿ ಪಲ್ಯ ಮಾಡಿದ್ದರು. ಗಣಿಯ ಕಥೆಯೂ ಅಲ್ಲಿಯೇ ಪೂರ್ತಿಯಾಯಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ, ಹೀಗೆ ಒಡೆತನ ಕೈ ಬದಲಾಯಿಸಿ, ಕಡೆಗೆ 2001ರ ಫೆಬ್ರವರಿ 28ರಂದು ಗಣಿಗಳನ್ನು ಮುಚ್ಚಿದರು. ಒಳಗಿನ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಅವರ ಇಬ್ಬರು ಗಂಡುಮಕ್ಕಳೂ ಈಗ ನಸುಕಿನ ರೈಲಿನಲ್ಲಿ ಬೆಂಗಳೂರಿ­ಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಕೆ.ಜಿ.ಎಫ್.ನ ಸಾವಿರಾರು ಮನೆಗಳ ಕಥೆ ಇದೇ. ಮಗನಿಗೆ ಬೆಂಗಳೂರಿನಲ್ಲಿಯೇ ಮನೆ ಮಾಡೆಂದು ಹೇಳಿದರೆ ಒಪ್ಪುವುದಿಲ್ಲವಂತೆ. ತಾತ ಮುತ್ತಾತಂದಿರು ಇರುವ ಊರು ಇದು ಎನ್ನುತ್ತಾನಂತೆ. ಅವರ ಮುತ್ತಾತ ಬಂದದ್ದು ಆರ್ಕಾಟಿನ ಯಾವುದೋ ಹಳ್ಳಿಯಿಂದ. ಆ ಹಳ್ಳಿಯ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಹೊರಡುವಾಗ ಅತ್ತೆಯವರು ಮತ್ತು ಆ ಹಿರಿಯರು ಬಾಗಿಲಲ್ಲಿ ನಿಂತು ಲೈನಿನ ಮನೆಗಳನ್ನು ಒಂದೊಂದಾಗಿ ಎಣಿಸಿದರು. ಈ ಮನೆಯಲ್ಲಿ ಯಾರಿದ್ದರು, ಆ ಮನೆಯ ಹೆಂಗಸಿಗೆ ಎಷ್ಟು ಮಕ್ಕಳು, ಯಾರು ಯಾವ ಗಣಿಯಲ್ಲಿದ್ದರು, ಯಾರು ತೀರಿಕೊಂಡದ್ದು ಯಾವ ವರ್ಷ. ಕೆಲವು ಹೆಸರುಗಳಿಗೆ ಇಬ್ಬರಿಗೂ ಜಗಳವೇ ಆಯಿತು.

ಬಂಗಾರಪೇಟೆಯಲ್ಲಿ ಹುಡುಗರು ಪಾನಿಪುರಿಗಾಗಿ ಕಾರು ನಿಲ್ಲಿಸಿದರು. ನೀರಿನಂತೆಯೇ ತಿಳಿಯಾದ ಅಲ್ಲಿಯ ಪಾನಿಗೆ ಬಹಳ ಹೆಸರಿದೆ. ಅತ್ತೆಯವರು ಕಾರಿನಿಂದ ಇಳಿಯಲಿಲ್ಲ, ಆದರೆ ಎರಡು ತಿಂದರು. ಅಲ್ಲಿಂದ ಮುಂದೆ ತಂಗಿಯ ಮಗಳು ಒಂದು ನೋಟ್‌ಬುಕ್ ತೆಗೆದುಕೊಂಡು ಅತ್ತೆಯವರ ಪಕ್ಕ ಕುಳಿತಳು. ಕೋಲಾರ ದಾಟುವವರೆಗೆ ಅತ್ತೆಯವರು ಲೈನಿನ ಮನೆಗಳ ಹೆಸರು ಹೇಳುತ್ತಲೇ ಇದ್ದರು, ಅವಳು ಬರೆದುಕೊಳ್ಳುತ್ತಲೇ ಇದ್ದಳು. ಇಪ್ಪತ್ತಮೂರನೆಯ ಮನೆಗೆ ಬರುವಷ್ಟರಲ್ಲಿ, ನರಸಾಪುರದ ಹತ್ತಿರ, ಅವರಿಗೆ ನಿದ್ದೆ ಹತ್ತಿತು.